ಇಟ್ಟಿಗೆಗೂಡಿನ ಹಿಂದೆ

ಸೊಸೆ ಹಲ್ಲಿನ ಡಾಕ್ಟರು. ಅತ್ತೆ ಅದೇ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂತು ಚೀಟಿ ಕೊಡುವವರು. ಒಳಗೆ ಸೊಸೆ ಹಲ್ಲು ಕೀಳುತ್ತಿದ್ದರೆ ಹೊರಗೆ ಅತ್ತೆ ಮಾತು ಕೀಳುತ್ತಿದ್ದರು. ಯಾರ ಮಗಳು ಎಲ್ಲಿ ಕೆಲಸಕ್ಕೆ ಸೇರಿದಳು, ಯಾರ ಮಂಡಿ ಯಾವಾಗಿನಿಂದ ನೋಯುತ್ತಿದೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು.

ಹೊರಕೋಣೆಯ ಗೋಡೆಗೆ ಸೊಸೆ ತಾನು ತೆಗೆದ ಫೋಟೋ ಒಂದನ್ನು ಹಾಕಿದ ಮೇಲೆ ಆ ಮಾತುಕತೆಗೆ ಹೊಸ ದಿಕ್ಕು ಸಿಕ್ಕಿತು. ನೀರಿನಂಚಿನ ಜೊಂಡಿನ ನಡುವೆ ಒಂದು ಬಕ, ಕೊಕ್ಕನ್ನು ಆಕಾಶಕ್ಕೆತ್ತಿ, ಕತ್ತನ್ನು ನೀಳವಾಗಿ ಚಾಚಿ, ತಾನೂ ಒಂದು ಜೊಂಡಿನ ಕಡ್ಡಿಯೆಂಬಂತೆ ನಿಂತಿತ್ತು. ಕಾಯುತ್ತ ಕೂತವರು ಮೊದಲು ಅದನ್ನು ಬರೀ ಹುಲ್ಲೆಂದುಕೊಳ್ಳುತ್ತಿದ್ದರು. ಆಮೇಲೆ ಯಾರಿಗೋ ಹಳದಿ ಕಣ್ಣು ಕಾಣುತ್ತಿತ್ತು, ಕಂಡವರು ಪಕ್ಕದವರಿಗೆ ತೋರಿಸುತ್ತಿದ್ದರು. ಕೊನೆಗೆ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದು ಎಲ್ಲಿ ತೆಗೆದಿದ್ದು?"

ಸೊಸೆ ಹೇಳುತ್ತಿರಲಿಲ್ಲ. ಜೊಂಡುಬಕ ಸುಲಭಕ್ಕೆ ಕಣ್ಣಿಗೆ ಬೀಳುವ ಹಕ್ಕಿಯಲ್ಲ, ಆ ಒಂದು ಚಿತ್ರಕ್ಕಾಗಿ ಅವಳು ಎರಡು ಮಳೆಗಾಲ ಸೊಳ್ಳೆ ಕಡಿಸಿಕೊಂಡಿದ್ದಳು. ಆದರೆ ಬಾಯಿ ಬಿಡದಿದ್ದುದಕ್ಕೆ ಕಾರಣ ಅದಲ್ಲ. ಹಿಂದೊಮ್ಮೆ ಹಕ್ಕಿ ನೋಡುವವರ ಮೊಬೈಲ್ ಗುಂಪಿನಲ್ಲಿ ಯಾರೋ ನೀರುಕೋಳಿಯ ಗೂಡಿರುವ ಜಾಗವನ್ನು ಹಾಕಿದ್ದರು. ಆ ಭಾನುವಾರ ದಂಡೆಯ ತುಂಬ ಕಾರುಗಳು. ಒಬ್ಬರು ಸೊಂಟಮಟ್ಟದ ನೀರಿಗಿಳಿದು, ಚಿತ್ರಕ್ಕೆ ಅಡ್ಡ ಬರುತ್ತದೆಂದು ಸುತ್ತಲ ಜೊಂಡನ್ನೆಲ್ಲ ಮುರಿದು ಹಾಕಿದರು. ಹಕ್ಕಿ ಮೊಟ್ಟೆ ಬಿಟ್ಟು ಹೋಯಿತು. ಆ ದಂಡೆಯ ಮೇಲೆ ಕ್ಯಾಮೆರಾ ಹಿಡಿದು ನಿಂತವರಲ್ಲಿ ಸೊಸೆಯೂ ಇದ್ದಳು.

ಹೇಳುವುದಿಲ್ಲವೆಂದರೆ ಜನ ಮುನಿಸಿಕೊಳ್ಳುತ್ತಿದ್ದರು. "ನಾವೇನು ಅದನ್ನ ಹಿಡ್ಕೊಂಡು ತಿಂತೀವಾ ಡಾಕ್ಟ್ರೇ?" ಎಂದ ಒಬ್ಬಾಕೆ ಮತ್ತೆ ಕ್ಲಿನಿಕ್ಕಿನ ಕಡೆ ಸುಳಿಯಲಿಲ್ಲ.

ಅತ್ತೆಗೆ ತಡೆಯಲಾಗಲಿಲ್ಲ. "ಸುಮ್ನೆ ಯಾಕೆ ನಿಷ್ಠುರ? ಯಾವ್ದಾದ್ರೂ ಒಂದು ಜಾಗ ಹೇಳಿ ಸಾಗಹಾಕು."

ಸೊಸೆ ಹುಡುಕಿ ಹುಡುಕಿ ಒಂದು ಜಾಗ ಆರಿಸಿದಳು. ಊರಾಚೆ ಮುಚ್ಚಿಹೋದ ಒಂದು ಇಟ್ಟಿಗೆಗೂಡು, ಅದರ ಹಿಂದೆ ಮಣ್ಣು ತೆಗೆದು ತೆಗೆದು ಆದ ಹೊಂಡ. ಅರ್ಧ ಕಸ, ಅರ್ಧ ಕಪ್ಪು ನೀರು. ಕಾಗೆಯೂ ಮೂಗು ಮುಚ್ಚಿಕೊಂಡು ಹಾರಬೇಕಾದಂಥ ಜಾಗ. ಒಮ್ಮೆ ಹೋದವರು ಇನ್ನೊಮ್ಮೆ ಹೋಗುವುದಿಲ್ಲವೆಂಬ ಧೈರ್ಯದಿಂದ ಅವಳು ಅದನ್ನು ಇಬ್ಬರಿಗೆ ಹೇಳಿದಳು. ಒಬ್ಬರು ರೂಟ್ ಕೆನಾಲಿಗೆ ಬರುತ್ತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇನ್ನೊಬ್ಬರು, ಫಿರಂಗಿಯಂಥ ಕ್ಯಾಮೆರಾ ಇಟ್ಟುಕೊಂಡಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು.

ಮೇಷ್ಟ್ರು ಮುಂದಿನ ಸಲ ಬಂದು ಕುರ್ಚಿಯ ಮೇಲೆ ಒರಗಿದಾಗ, ಬಾಯಿಗೆ ಹತ್ತಿ ತುಂಬಿದ ಮೇಲೆ ಏನೋ ನೆನಪಾದವರಂತೆ ಜೇಬಿನಿಂದ ಮೊಬೈಲ್ ತೆಗೆದು ಅವಳ ಮುಖದ ಮುಂದೆ ಹಿಡಿದರು. ಚಿತ್ರ ಅಲುಗಿತ್ತು. ಆದರೂ ಜೊಂಡುಬಕವೆಂಬುದರಲ್ಲಿ ಅನುಮಾನವಿರಲಿಲ್ಲ. ಅದರ ಕಾಲ ಬಳಿ ಕೆದರಿದ ಕೂದಲಿನಂಥ ಪುಕ್ಕದ ಮರಿಗಳು.

ಸೊಸೆಯ ಕೈಯಲ್ಲಿದ್ದ ಡ್ರಿಲ್ ನಿಂತಿತು. "ಇದು ಎಲ್ಲಿ ತೆಗೆದಿದ್ದು?" ಎಂದು ಅವಳೇ ಕೇಳಿದಳು.

ಮೇಷ್ಟ್ರು ಹತ್ತಿ ಉಗಿದರು. "ನೀವೇ ಹೇಳಿದ್ರಲ್ಲ ಡಾಕ್ಟ್ರೇ, ಇಟ್ಟಿಗೆಗೂಡಿನ ಹಿಂದೆ. ಆ ಗೂಡಿನ ಹಿಂದೆ ಇನ್ನೊಂದು ಗೂಡು ಇರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ."

ಆ ದಿನವೆಲ್ಲ ಅವಳ ತಲೆಯಲ್ಲಿ ಅದೇ. ಆ ಕೊಳಕು ನೀರಿನಲ್ಲಿ ಅದು ತಿನ್ನುವುದೇನು? ಯಾವಾಗಿನಿಂದ ಇದೆ? ಅಷ್ಟು ದೂರ ಹೋಗಿ ಹುಡುಕಿದವಳು ಇಲ್ಲೇ ಏಕೆ ನೋಡಲಿಲ್ಲ? ವಿಷಯ ಕೇಳಿ ಅತ್ತೆಯೂ ಚಪ್ಪಲಿ ಹುಡುಕತೊಡಗಿದರು.

"ನೀನು ಹೇಳಿದ ಸುಳ್ಳು ನಿಜ ಆಗಿದೆ ಅಂದ್ರೆ ಅದನ್ನ ನಾನೂ ಒಂದ್ಸಲ ನೋಡ್ಬೇಕು ಕಣೇ."

ಭಾನುವಾರ ಬೆಳಿಗ್ಗೆ ಅವರು ಹೋದಾಗ ಇಟ್ಟಿಗೆಗೂಡಿನ ಅಂಗಳದಲ್ಲಿ ಮೇಷ್ಟ್ರ ಕಾರು ಹಿಂದೆ ಮುಂದೆ ಹೋಗುತ್ತಿತ್ತು. ಅವರಿಗೆ ಜಾಗ ಹಿಡಿಸಿಬಿಟ್ಟಿತ್ತು. "ಗುದ್ದೋಕೆ ಏನೂ ಇಲ್ಲದ ಜಾಗ ಸಿಗೋದು ಕಷ್ಟ," ಎಂದರು. ಮೊದಲ ಸಲ ಹಕ್ಕಿ ಹುಡುಕಲು ಬಂದಾಗ ಅವರೂ ವಾಸನೆಗೆ ಹೆದರಿ ವಾಪಸು ಹೊರಟಿದ್ದರಂತೆ. ಆಗ ಜೊತೆಗೆ ಕಾರು ಕಲಿಯಲು ಬಂದಿದ್ದಾಕೆ ಕ್ಲಚ್ ಬಿಟ್ಟು ಹೊಂಡದಂಚಿನಲ್ಲೇ ಕಾರು ನಿಲ್ಲಿಸಿದಳಂತೆ. ಸದ್ದು ಅಡಗಿದ ಮೇಲೆ ಜೊಂಡಿನ ಒಂದು ಕಡ್ಡಿ ನಡೆಯತೊಡಗಿತಂತೆ.

ಸೊಸೆಗೆ ಇನ್ನು ಮುಚ್ಚಿಡಲಾಗಲಿಲ್ಲ. "ಮೇಷ್ಟ್ರೇ, ನಾನು ನಿಮಗೆ ಸುಳ್ಳು ಹೇಳಿದ್ದೆ. ಗೋಡೆ ಮೇಲಿರೋ ಫೋಟೋ ಇಲ್ಲೀದಲ್ಲ. ಹಿಂದೊಮ್ಮೆ ಜಾಗ ಗೊತ್ತಾಗಿ ಜನ ಬಂದು ಜೊಂಡೆಲ್ಲ ಮುರಿದುಹಾಕಿದ್ರು, ಆ ಭಯ."

ಅವರು ಬಟ್ಟೆ ತೆಗೆದುಕೊಂಡು ಕಾರಿನ ಗಾಜು ಒರೆಸಿದರು, ಆಗಲೇ ಸ್ವಚ್ಛವಾಗಿದ್ದ ಗಾಜು. "ನಾನು ಜೊಂಡು ಮುರಿಯೋನ ಥರ ಕಾಣ್ತೀನಾ?" ಎಂದರು ಸಣ್ಣಗೆ.

ಅಷ್ಟರಲ್ಲಿ ಹೊಂಡದ ಆಚೆ ಬದಿಯಿಂದ ಬಕದ ಕೂಗು ಕೇಳಿತು, ಕೊಡದೊಳಗೆ ಬಾಯಿಟ್ಟು ಊದಿದಂತೆ. ಮತ್ತೆ ಅದೇ ಕೂಗು, ಅದೇ ಏರಿಳಿತ, ಎಷ್ಟು ಸಲವಾದರೂ ಒಂದಿಷ್ಟೂ ಬದಲಾಗದೆ. ಸೊಸೆಗೆ ಅರ್ಥವಾಯಿತು. ಅಲ್ಲಿ ಬ್ಯಾಂಕ್ ಮ್ಯಾನೇಜರು ಸ್ಪೀಕರ್ ಇಟ್ಟು ಮೊಬೈಲಿನಿಂದ ಹಕ್ಕಿಯ ದನಿ ಹಾಕುತ್ತಿದ್ದರು. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ದೊಡ್ಡ ಬಕ ಕತ್ತು ಉಬ್ಬಿಸಿಕೊಂಡು ಬಯಲಿಗೆ ಬಂದಿತ್ತು. ಹಿಂದೆ ಗೂಡಿನಲ್ಲಿ ಉಳಿದದ್ದು ಮರಿಗಳಷ್ಟೇ. ಮೇಲೆ ಹದ್ದೊಂದು ಸುತ್ತುತ್ತಿತ್ತು.

ಸೊಸೆ ದಂಡೆ ಬಳಸಿ ಓಡಿದಳು. ಅತ್ತೆ ಸೀರೆ ಎತ್ತಿ ಹಿಡಿದು ಹಿಂದೆಯೇ ಬಂದರು.

"ಅದನ್ನ ಆರಿಸಿ ಸರ್. ಮರಿಗಳನ್ನ ಬಿಟ್ಟು ಬಂದಿದೆ."

ಮ್ಯಾನೇಜರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಜಾಗ ಹೇಳಿದ್ದು ನೀವು. ಗೋಡೆಗೆ ಫೋಟೋ ಹಾಕಿ ಆಸೆ ಹುಟ್ಟಿಸಿದ್ದೂ ನೀವು. ಈಗ ನನಗೆ ಪಾಠ ಹೇಳ್ತೀರಾ?"

ಮಾತು ನಾಟಿತು. "ನಿಜ, ತಪ್ಪು ನಂದೇ," ಎಂದಳು. "ಆದ್ರೂ ಆರಿಸಿ."

ಅವರು ಕದಲಲಿಲ್ಲ. ಅತ್ತೆ ನೇರವಾಗಿ ಹೋಗಿ ಆ ಫಿರಂಗಿಯ ಬಾಯಿಗೆ ಅಡ್ಡ ನಿಂತರು. "ಅಲ್ಲಾ ಸ್ವಾಮಿ, ನಿಮ್ಮ ಮನೆ ಮುಂದೆ ಯಾರೋ ಬಂದು ನಿಮ್ಮದೇ ದನಿಯಲ್ಲಿ ಕೂಗಿದ್ರೆ, ಉಣ್ಣೋ ತಟ್ಟೆ ಬಿಟ್ಟು ಎದ್ದು ಬರಲ್ವಾ ನೀವು? ಆಮೇಲೆ ಆ ಅನ್ನ ಬೆಕ್ಕಿನ ಪಾಲಾದ್ರೆ?"

ಮ್ಯಾನೇಜರು ಸ್ಪೀಕರ್ ಆರಿಸಿದರು. ಮನಸ್ಸು ಕರಗಿ ಆರಿಸಿದರೋ, ಅತ್ತೆ ಸರಿಯುವುದಿಲ್ಲವೆಂದು ಆರಿಸಿದರೋ, ಹೇಳಲಾಗದು. ಮುಖ ಮಾತ್ರ ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡಂತಾಗಿತ್ತು.

"ಕಾರಲ್ಲಿ ಕೂತು ನೋಡಿ," ಎಂದರು ಅಷ್ಟರಲ್ಲಿ ಬಂದ ಮೇಷ್ಟ್ರು. "ಕಾರಿಗೆ ಅದು ಹೆದರಲ್ಲ. ನನ್ನ ಕಾರಿಗೆ ಹೆದರೋದು ಮನುಷ್ಯರು ಮಾತ್ರ."

ನಾಲ್ವರೂ ಒತ್ತಿಕೊಂಡು ಕೂತರು. ಫಿರಂಗಿ ಒಳಗೆ ಹಿಡಿಸದೆ ಅತ್ತೆಯ ತೊಡೆ ಏರಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ದೊಡ್ಡ ಬಕ ಬಂದು, ಒಂದು ಕಾಲು ಒಂದು ಕಡ್ಡಿಗೆ, ಇನ್ನೊಂದು ಕಾಲು ಇನ್ನೊಂದು ಕಡ್ಡಿಗೆ ಊರಿ ನಿಂತಿತು. ಮರಿಯೊಂದು ಅದರ ಕೊಕ್ಕನ್ನೇ ಅಡ್ಡಕ್ಕೆ ಕಚ್ಚಿ ಎಳೆಯಿತು. ಗಂಟಲೊಳಗಿನಿಂದ ಒಂದು ಕಪ್ಪೆಮರಿ ಹೊರಬಿತ್ತು. ಗಾಳಿ ಬೀಸಿ ಜೊಂಡು ತೂಗಿದಾಗ ಬಕವೂ ಅದೇ ಲಯದಲ್ಲಿ ತೂಗಿತು.

"ಮುಖ ಆಕಾಶಕ್ಕಿದೆ, ಆದ್ರೆ ನೋಡು," ಎಂದು ಅತ್ತೆ ಪಿಸುಗುಟ್ಟಿದರು. "ಗಲ್ಲದ ಕೆಳಗಿಂದ ನಮ್ಮನ್ನೇ ನೋಡ್ತಿದೆ."

ಎರಡು ಮಳೆಗಾಲದಲ್ಲಿ ಸೊಸೆ ಅದನ್ನು ಗಮನಿಸಿರಲಿಲ್ಲ. ಮ್ಯಾನೇಜರೂ ಕ್ಯಾಮೆರಾ ಇಳಿಸಿ ಬರೀ ಕಣ್ಣಿನಿಂದ ನೋಡಿದರು.

ಸಂಜೆ ಮ್ಯಾನೇಜರು ಮೊಬೈಲ್ ಗುಂಪಿನಲ್ಲಿ ಚಿತ್ರ ಹಾಕಿದರು. ಜಾಗದ ಹೆಸರಿರಲಿಲ್ಲ. ಆದರೆ ಮೂಲೆಯಲ್ಲಿ ಇಟ್ಟಿಗೆಗೂಡಿನ ಚಿಮಣಿ ಎದ್ದು ಕಾಣುತ್ತಿತ್ತು. ಸೊಸೆ ಫೋನ್ ಮಾಡಿದಳು. "ನಿಮ್ಮದು ಅತಿ ಆಯ್ತು," ಎಂದು ಗೊಣಗಿದರೂ ಅವರು ಅದನ್ನು ತೆಗೆದು, ಚಿಮಣಿ ಕತ್ತರಿಸಿ ಮತ್ತೆ ಹಾಕಿದರು. ಅಷ್ಟರಲ್ಲಿ ಕೆಲವರು ನೋಡಿಬಿಟ್ಟಿದ್ದರು. ಮುಂದಿನ ಭಾನುವಾರ ಎರಡು ಕಾರು ಬಂದವು. ಮೇಷ್ಟ್ರು ದಾರಿಗಡ್ಡ ನಿಂತು, "ಬನ್ನಿ ಬನ್ನಿ, ಎಲ್ಲಿ ಬೇಕಾದ್ರೂ ನಿಲ್ಲಿಸಿ. ಇವತ್ತು ಹೊಸಬರಿಗೆ ಬ್ರೇಕ್ ಹೇಳಿಕೊಡ್ತಿದ್ದೀನಿ," ಎಂದರು. ಬಂದವರು ತಮ್ಮ ಹೊಸ ಕಾರಿನ ಬಣ್ಣ ನೋಡಿಕೊಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು.

ಮರಿಗಳು ಪುಕ್ಕ ಬಲಿತು ಹಾರುವ ಹೊತ್ತಿಗೆ ಮೇಷ್ಟ್ರ ಹಲ್ಲಿನ ಕೆಲಸವೂ ಮುಗಿದಿತ್ತು. ಕುರ್ಚಿಯಿಂದ ಎದ್ದವರು ಬಾಗಿಲ ಬಳಿ ತಡೆದು ನಿಂತರು. ಹೊರಕೋಣೆಯ ಗೋಡೆಯ ಫೋಟೋ ಕಡೆ ನೋಡಿದರು. ಸೊಸೆ ಕೈಗವಸು ಕಳಚುತ್ತ ತಾನಾಗಿಯೇ ಹೇಳಿದಳು, ಯಾವ ರಸ್ತೆ, ಎಲ್ಲಿ ತಿರುಗಬೇಕು, ಯಾವ ಕೆರೆಯ ಯಾವ ಮೂಲೆ.

"ಈ ಸಲ ನಿಜಾನಾ?"

"ನಿಜ. ಬೇಕಿದ್ರೆ ಒಟ್ಟಿಗೆ ಹೋಗೋಣ."

ಅತ್ತೆಯೂ ಸೇರಿ ಮೂವರೂ ಹೋದರು, ಮೇಷ್ಟ್ರ ಕಾರಿನಲ್ಲೇ. ಬಿಸಿಲೇರುವವರೆಗೆ ಕೂತರೂ ಹಕ್ಕಿ ಕಾಣಲಿಲ್ಲ. ಅತ್ತೆ ಮಾತ್ರ ಎಡಗಡೆಯ ಒಂದು ಕಡ್ಡಿಯ ಮೇಲೆ ಕಣ್ಣಿಟ್ಟಿದ್ದರು. ಅದು ಗಾಳಿಯಿಲ್ಲದೆ ಅಲುಗಿತೆಂದು ಅವರ ವಾದ.