ಅಪ್ಪ ಇಟ್ಟ ಹೆಸರು

“ಅಪ್ಪಾ, ತಲೆನೋವು,” ಎಂದಳು ಮಗಳು, ಮನೆಯ ಮುಂಗೋಣೆಯ ಸಲೂನಿನ ಬಾಗಿಲಲ್ಲಿ ನಿಂತು.

“ಗೊತ್ತು ಬಿಡು. ನಾನೇ ಇಟ್ಟ ಹೆಸರಲ್ವಾ ಅದು?” ಎಂದ ಅಪ್ಪ. ಮುಖದ ತುಂಬ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ನಕ್ಕ.

ಚಿಕ್ಕವಳಿದ್ದಾಗಿನಿಂದ ಯಾರನ್ನೂ ಸುಮ್ಮನೆ ಕೂರಲು ಬಿಡದ ಮಾತಿನಮಲ್ಲಿ ಮಗಳಿಗೆ ಅವನು ಮುದ್ದಿನಿಂದ ಇಟ್ಟ ಹೆಸರು ‘ತಲೆನೋವು’. ಹೈಸ್ಕೂಲು ಮುಗಿಯುತ್ತ ಬಂದರೂ ಅದು ಹೋಗಿರಲಿಲ್ಲ. ಅದರಿಂದಲೇ ಎಡವಟ್ಟಾಗಿತ್ತು. ಈಚೆಗೆ ಅವಳಿಗೆ ನಿಜವಾಗಿಯೂ ತಲೆ ಸಿಡಿಯುತ್ತಿತ್ತು; ಹೇಳಿದಾಗಲೆಲ್ಲ ಮನೆಮಂದಿ ನಕ್ಕು ಸುಮ್ಮನಾಗುತ್ತಿದ್ದರು.

ಗಿರಾಕಿ ಎದ್ದು ಹೋದ ಮೇಲೆ ಅವಳು ಅದೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ಅಪ್ಪ ತಮಾಷೆಗೆಂದೇ ಅವಳ ಕುತ್ತಿಗೆಗೆ ಬೆರಳಿಟ್ಟ. ಅಲ್ಲಿ ನರಗಳು ಹುರಿ ಹಗ್ಗದಂತೆ ಬಿಗಿದಿದ್ದವು. ಅವನಿಗೆ ನಾಚಿಕೆಯಾಯಿತು.

“ಯಾಕಮ್ಮ ಹಿಂಗೆ?”

“ಫೋನು ಅಪ್ಪಾ. ಹಾಸಿಗೇಲೂ ಬಿಡಲ್ಲ. ಜಾಸ್ತಿ ನೋಡಿದ ದಿನ ಜಾಸ್ತಿ ನೋಯುತ್ತೆ.”

ಬೈಯಲು ತೆರೆದ ಬಾಯನ್ನು ಅವನು ಮುಚ್ಚಿಕೊಂಡ. ಇಷ್ಟು ನೆಟ್ಟಗೆ ಒಪ್ಪಿಕೊಳ್ಳುವುದು ಅವನಿಗೆ ಈ ವಯಸ್ಸಿಗೂ ಬಂದಿರಲಿಲ್ಲ.

“ನಾಳೆ ಡಾಕ್ಟರ ಹತ್ರ ಹೋಗೋಣ. ಫೋನು ಕೊಡಿಲ್ಲಿ, ನಾನಿಟ್ಕೋತೀನಿ.”

“ನೀನಿಟ್ಕೊಂಡ್ರೆ ಕದ್ದು ತಗೋತೀನಿ. ನಾನೇ ಇಡ್ತೀನಿ. ಕತ್ತಲಾದ್ಮೇಲೆ ಸಿಗಲ್ಲ ಅಂತ ಅವಳಿಗೂ ಹೇಳ್ಬಿಟ್ಟೆ.”

‘ಅವಳು’ ಎಂದರೆ ಊರು ಬಿಟ್ಟು ಹೋದ ಜೀವದ ಗೆಳತಿ. ಅವರಿಬ್ಬರ ಮಾತುಕತೆಗೆ ಉಳಿದಿದ್ದುದು ಆ ಫೋನೊಂದೇ. ಆದರೂ ಮಗಳು ಬಾಚಣಿಗೆಗಳ ಡ್ರಾಯರ್ ಎಳೆದು ಫೋನನ್ನು ಒಳಗಿಟ್ಟಳು. ಡ್ರಾಯರ್ ಮುಚ್ಚಲಿಲ್ಲ, ಅಪ್ಪನ ಮುಂದೆ ಕೈ ಚಾಚಿದಳು.

“ಇನ್ನೊಂದು?”

“ಇನ್ಯಾವುದು?”

“ತಟ್ಟೆ ಪಕ್ಕ ಇಟ್ಕೊಂಡು ಊಟ ಮಾಡೋದು ಯಾರು? ನೀನು ನೋಡ್ತಾ ಕೂತ್ರೆ ನನ್ ಕೈಲಿ ಬಿಡಕ್ಕಾಗಲ್ಲ ಅಪ್ಪಾ.”

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. ಹೆಮ್ಮೆಯೂ ಬಂತು, ಪೆಚ್ಚೂ ಆಯಿತು. ಜೇಬಿನಿಂದ ಫೋನು ತೆಗೆದು ಕೊಟ್ಟ. ಅವಳು ಅದನ್ನೂ ಒಳಗಿಟ್ಟು ಡ್ರಾಯರ್ ಮುಚ್ಚಿದಳು.

“ಎಂಥಾ ತಲೆ—” ಎಂದವನು ಉಳಿದದ್ದನ್ನು ನುಂಗಿಕೊಂಡ.

ಅಂಗೈಗೆ ಎಣ್ಣೆ ಸುರಿದು ಮಗಳ ತಲೆ ನೀವತೊಡಗಿದ. ಸ್ವಲ್ಪ ಹೊತ್ತಿಗೆ ಡ್ರಾಯರಿನೊಳಗೆ ಗುಂಯ್ ಎಂದಿತು. ಬಾಚಣಿಗೆಗಳು ಗಡಗಡ ನಡುಗಿದವು. ಅಪ್ಪನ ಬೆರಳು ನಿಂತಿತು.

“ಅಪ್ಪಾ,” ಎಂದಳು ಮಗಳು, ಕಣ್ಣು ತೆರೆಯದೆ.

ಬೆರಳು ಮತ್ತೆ ಆಡತೊಡಗಿತು.