ತವರಿನ ಕಾಲುದಾರಿ

ಮೋಟಾರು ದೋಣಿ ಹವಳದ ಬಂಡೆಗಳ ಸಂದಿಯಲ್ಲಿ ನುಸುಳಿ ತಿಳಿನೀರಿಗೆ ಬಂದರೂ ವಿಲಿಮೈನಾಳ ಪಾಠ ಮುಗಿದಿರಲಿಲ್ಲ. ಕಾಲು ಚಾಚಿ ಕೂರಬಾರದು. ಕೂತವರ ಮುಂದೆ ನೆಟ್ಟಗೆ ನಡೆಯಬಾರದು, ಬಗ್ಗಿ ಹೋಗಬೇಕು. ಊಟ ಬಡಿಸಿದಾಗ ಸಾಕು ಅನ್ನಬಾರದು. ದೊಡ್ಡವರ ತಲೆಯನ್ನಂತೂ ಮರೆತೂ ಮುಟ್ಟಬಾರದು.

"ಮತ್ತೆ ಏನು ಮಾಡಬಹುದು?" ಎಂದಳು ಒಂಬತ್ತು ವರ್ಷದ ಲೈಸಾನಿ.

"ಸುಮ್ಮನೆ ಕೂರಬಹುದು."

ವಿಲಿಮೈನಾಳ ಗಂಡ ಅಮಿನಿಯಾಸಿ ನಕ್ಕು, ಮಗಳ ಕಿವಿಯಲ್ಲಿ ಇನ್ನೊಂದು ಪಾಠ ಹೇಳಿಕೊಟ್ಟ. ತಾಯಿಯ ತವರಿನಲ್ಲಿ ಸೋದರಸೊಸೆ ಏನು ಕೇಳಿದರೂ ಮಾವ ಇಲ್ಲ ಎನ್ನುವ ಹಾಗಿಲ್ಲ. ಕೋಳಿಯೋ, ಹಂದಿಯೋ, ಕೈಗಡಿಯಾರವೋ, ಕೈ ಇಟ್ಟದ್ದು ಅವಳದೇ. ಲೈಸಾನಿಯ ಕಣ್ಣು ಅರಳಿತು. ವಿಲಿಮೈನಾ ಗಂಡನನ್ನು ದುರುಗುಟ್ಟಿ ನೋಡಿದಳು. ಅವಳಿಗಿದ್ದ ಚಿಂತೆಯೇ ಬೇರೆ. ಫಿಜಿಯ ರಾಜಧಾನಿ ಸುವಾದಿಂದ ರಾತ್ರಿಯಿಡೀ ಹಡಗಿನಲ್ಲಿ ಬಂದವಳು ದಡದಲ್ಲಿ ನಿಂತಿದ್ದವರ ಗುಂಪಿನಲ್ಲಿ ಅಣ್ಣ ಕಾಮಿನಿಯೇಲಿಯನ್ನು ಹುಡುಕಿದಳು, ಅವನು ಕಾಣಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕಂದಾವು ದ್ವೀಪದ ಈ ಊರಿಗೆ ಶಾಲೆಯ ನೀರಿನ ತೊಟ್ಟಿ ಕಟ್ಟಲು ಬಂದಿದ್ದವನು ಅಮಿನಿಯಾಸಿ. ತೊಟ್ಟಿ ಮುಗಿಯುವಷ್ಟರಲ್ಲಿ ವಿಲಿಮೈನಾ ಯಾರಿಗೂ ಹೇಳದೆ ಅವನ ಜೊತೆ ಹಡಗು ಹತ್ತಿದಳು. ಹತ್ತೇ ದಿನದಲ್ಲಿ ಅವನ ಕಡೆಯ ಹಿರಿಯರು ಈ ದ್ವೀಪಗಳ ಅತಿ ದೊಡ್ಡ ಕಾಣಿಕೆಯಾದ ತಿಮಿಂಗಿಲದ ಹಲ್ಲು ಹಿಡಿದು ಬಂದು ತಪ್ಪಾಯಿತೆಂದು ತಲೆಬಾಗಿದರು. ಅವಳ ಅಪ್ಪ ಹಲ್ಲನ್ನು ಮುಟ್ಟಿ ಒಪ್ಪಿಕೊಂಡರು. ಕಾಮಿನಿಯೇಲಿ ಮಾತ್ರ ನಡುವೆಯೇ ಎದ್ದು, ಕತ್ತಿ ಹಿಡಿದು ತೋಟಕ್ಕೆ ಹೋದನಂತೆ. ಅಪ್ಪ ತೀರಿಕೊಂಡಾಗ ಲೈಸಾನಿ ಹೊಟ್ಟೆಯಲ್ಲಿದ್ದಳು. ಕಡಲು ಕೆರಳಿ ಹಡಗು ಹೊರಡಲಿಲ್ಲ. ಆಮೇಲೆ ಬರಲು ಮುಖವಿರಲಿಲ್ಲ. ಈಗಲೂ ಮಗಳನ್ನು ತವರಿಗೆ ತೋರಿಸುವ ಶಾಸ್ತ್ರ ಬಾಕಿ ಇದೆಯೆಂಬ ನೆಪ ಮುಂದಿಟ್ಟುಕೊಂಡು ಬಂದಿದ್ದಳು.

ಅಣ್ಣನ ಸಿಟ್ಟು ಇಳಿದಿದೆಯೇ? ಅವಳಿಗೆ ಬೇಕಾಗಿದ್ದುದು ಇಷ್ಟೇ. ಆದರೆ ಕೇಳುವುದು ಹೇಗೆ? ಇವರಲ್ಲಿ ಅಣ್ಣನಿಗೆ ಮೀಸೆ ಚಿಗುರಿದ ದಿನದಿಂದ ಅಣ್ಣ ತಂಗಿ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವಂತಿಲ್ಲ. ಶಾಸ್ತ್ರ ಸಮಾರಂಭ ಬಿಟ್ಟರೆ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಹೇಳುವುದೇನಿದ್ದರೂ ಮೂರನೆಯವರ ಬಾಯಲ್ಲಿ. ಅದು ಮುನಿಸಲ್ಲ, ಗೌರವ. ಸಿಟ್ಟಾದ ಅಣ್ಣ ಮಾತಾಡುವುದಿಲ್ಲ, ಸಿಟ್ಟಿಲ್ಲದ ಅಣ್ಣನೂ ಮಾತಾಡುವುದಿಲ್ಲ. ಸೊಸೆಗೆ ಕೇಳಿದ್ದನ್ನು ಪ್ರೀತಿಯಿದ್ದವನೂ ಕೊಡಬೇಕು, ಇಲ್ಲದವನೂ ಕೊಡಬೇಕು. ಹೀಗಿರುವಾಗ ಪಾಪ, ಆ ಹೆಂಗಸು ಯಾವುದನ್ನು ನೋಡಿ ಏನೆಂದು ತಿಳಿಯಬೇಕು?

ಶಾಸ್ತ್ರ ಆ ಮಧ್ಯಾಹ್ನವೇ ನಡೆಯಿತು. ಲೈಸಾನಿಗೆ ತೊಗಟೆಬಟ್ಟೆ ಸುತ್ತಿ, ಮೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೊಸ ಕೇದಿಗೆ ಚಾಪೆಯ ಮೇಲೆ ಕೂರಿಸಿದರು. ಕಾಮಿನಿಯೇಲಿ ಎದುರಿಗೆ ಬಂದು ಕೂತ. ಕುಳ್ಳ ಮನುಷ್ಯ, ಅಗಲ ಭುಜ, ತಲೆತುಂಬ ಬುಟ್ಟಿಯಷ್ಟು ಕೂದಲು. ಹೆಂಗಸರ ಸಾಲಿನ ತುದಿಯಲ್ಲಿ ಕೂತಿದ್ದ ವಿಲಿಮೈನಾ ತಲೆ ಎತ್ತಲಿಲ್ಲ. ಸುವಾದಿಂದ ಜೊತೆಗೆ ಬಂದಿದ್ದ ಅಮಿನಿಯಾಸಿಯ ಚಿಕ್ಕಪ್ಪ ತಿಮಿಂಗಿಲದ ಹಲ್ಲು ಒಪ್ಪಿಸಿದರು. ಕಾಮಿನಿಯೇಲಿ ಅದನ್ನು ಹಿಡಿದು, ಹಿಂದಿನವರಿಂದ ಬಂದ ಶಾಸ್ತ್ರದ ಮಾತುಗಳನ್ನು ಒಂದಕ್ಷರ ತಪ್ಪದೆ, ಒಂದಕ್ಷರ ಸೇರಿಸದೆ ಹೇಳಿ ಮುಗಿಸಿದ.

ಆಗ ಎಲ್ಲಿಂದಲೋ ಒಂದು ಮಿಡತೆ ಹಾರಿಬಂದು ಅವನ ಕೂದಲ ಮೇಲೆ ಕೂತಿತು. ಮನೆ ತುಂಬ ಜನ, ಎಲ್ಲರೂ ನೋಡಿದರು, ಯಾರೂ ಅದನ್ನು ಓಡಿಸಲು ಹೋಗಲಿಲ್ಲ. ಲೈಸಾನಿ ಎದ್ದಳು, ಎರಡು ಹೆಜ್ಜೆ ಹೋದಳು, ಮಾವನ ತಲೆಗೆ ಕೈ ಹಾಕಿ ಮಿಡತೆಯನ್ನು ಹಿಡಿದೇಬಿಟ್ಟಳು.

ವಿಲಿಮೈನಾ ಕೂತಲ್ಲಿಂದ ಅರ್ಧ ಎದ್ದಳು. ಮುದುಕಿಯೊಬ್ಬಳು ಬಾಯಿಗೆ ಕೈ ಒತ್ತಿಕೊಂಡಳು. ತುಂಬಿದ ಸಭೆಯಲ್ಲಿ ಮನೆಯ ಯಜಮಾನನ ತಲೆ ಮುಟ್ಟಿದರೆ ದಂಡ ತೆರಬೇಕಾದ ಊರು ಅದು. ಕಾಮಿನಿಯೇಲಿ ಹುಡುಗಿಯನ್ನೇ ನೋಡಿದ. ಆಮೇಲೆ ಅವಳ ಮುಷ್ಟಿಯನ್ನು ನೋಡಿದ.

"ಇಟ್ಕೋ ಮಗಳೇ. ಮಿಡತೇನೂ ನಿಂದೇ, ತಲೇನೂ ನಿಂದೇ," ಎಂದ.

ಮನೆ ನಗೆಯಿಂದ ತುಂಬಿಹೋಯಿತು. ಬೇರು ಅರೆದು ಮಾಡಿದ ಯಂಗೋನ ಪಾನೀಯದ ಬಟ್ಟಲು ಸುತ್ತು ಬಂತು, ಚಪ್ಪಾಳೆ ಬಿತ್ತು. ನೆಲದ ಒಲೆಯಿಂದ ತೆಗೆದ ಹಂದಿ, ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ಚಾಪೆಯುದ್ದಕ್ಕೂ ಬಂದವು. ಸೊಸೆ ತನ್ನ ಹಕ್ಕು ಚಲಾಯಿಸಲು ಹೆಚ್ಚು ಹೊತ್ತು ಕಾಯಲಿಲ್ಲ. ಸಂಜೆಯೊಳಗೆ ಒಂದು ಕೆಂಪು ಹುಂಜ, ಒಂದು ರೇಡಿಯೋ, ಮೀನಿನ ಗಾಳಗಳ ಡಬ್ಬಿ ಅವಳ ಪಾಲಾದವು. ಹೀಗೇ ಹೋದರೆ ನಾಳೆ ಮನೆ ಬೋಳಾಗುತ್ತದೆಂದು ಕಾಮಿನಿಯೇಲಿಯ ಹೆಂಡತಿ ತೋರಿಕಾ ಗೊಣಗಿದಾಗ, ಬೇಕಾದರೆ ನಿನ್ನತ್ತೆಯನ್ನೂ ಕೊಂಡೊಯ್ಯಿ ಎಂದು ಅವನು ಸೊಸೆಗೆ ಧಾರಾಳವಾಗಿ ಹೇಳಿದ. ಸುವಾದಲ್ಲಿ ಸಿನಿಮಾ ತೋರಿಸುವುದಾದರೆ ಈಗಲೇ ಹೊರಟೆ ಎಂದಳು ತೋರಿಕಾ.

ಎಲ್ಲರೂ ನಗುತ್ತಿದ್ದರು, ವಿಲಿಮೈನಾಳೂ ನಕ್ಕಳು. ಆದರೆ ಅಣ್ಣ ಲೈಸಾನಿಯನ್ನು ನಗಿಸುತ್ತಿದ್ದ, ಭಾವನ ಬೆನ್ನು ತಟ್ಟುತ್ತಿದ್ದ, ತನ್ನ ಕಡೆಗೆ ಮಾತ್ರ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಹಾಯಿಸಬಾರದೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೂ ನೋವಾಯಿತು.

ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಅತ್ತಿಗೆಯನ್ನೇ ಕೇಳಿದಳು. "ಅತ್ತಿಗೆ, ಅಣ್ಣ ಯಾವತ್ತಾದ್ರೂ ನನ್ನ ವಿಷಯ ಎತ್ತಿದ್ನಾ?"

"ನಿನ್ನಣ್ಣಾನಾ?" ತೋರಿಕಾ ತುರಿಮಣೆಯಿಂದ ತಲೆ ಎತ್ತಿದಳು. "ಹನ್ನೆರಡು ವರ್ಷ ಸಂಸಾರ ಮಾಡಿದೀನಿ. ಸಾರಿಗೆ ಉಪ್ಪು ಸಾಲದು ಅಂತಾನೂ ಬಾಯಿ ಬಿಟ್ಟು ಹೇಳಿಲ್ಲ ಆ ಮನುಷ್ಯ. ಇನ್ನು ನಿನ್ನ ವಿಷಯ ಹೇಳ್ತಾನಾ?"

ಮರುದಿನ ಲೈಸಾನಿ ಕೇಳಿದ್ದು, ತಾಯಿ ಹುಡುಗಿಯಾಗಿದ್ದಾಗ ಬಿಡದೆ ಹೋಗುತ್ತಿದ್ದ ಜಲಪಾತ. ಅದನ್ನು ಸುವಾಕ್ಕೆ ಕೊಂಡೊಯ್ಯಲಾಗುವುದಿಲ್ಲವಲ್ಲ ಎಂದು ತೋರಿಕಾ ಸಮಾಧಾನಪಟ್ಟುಕೊಂಡಳು. ತಿಂಡಿ ಮುಗಿಸಿ ಎಲ್ಲರೂ ಹೊರಟರು. ಕಾಮಿನಿಯೇಲಿ ಕತ್ತಿ ಹಿಡಿದು ಎಲ್ಲರಿಗಿಂತ ಮುಂದೆ, ಅವನ ಹಿಂದೆ ಲೈಸಾನಿ ಮತ್ತು ತೋರಿಕಾಳ ಮಕ್ಕಳು, ನಡುವೆ ಅಮಿನಿಯಾಸಿ, ಕೊನೆಯಲ್ಲಿ ಬುಟ್ಟಿ ಹೊತ್ತ ಇಬ್ಬರು ಹೆಂಗಸರು. ದಾರಿ ಮರಗೆಣಸಿನ ತೋಟ ದಾಟಿ, ಹಳ್ಳವನ್ನು ಏಳು ಸಲ ಅಡ್ಡ ಹಾಯ್ದು ಕಾಡು ಹೊಗುತ್ತದೆ. ಕಲ್ಲುಗಳು ಪಾಚಿಗಟ್ಟಿದ್ದವು. ವಿಲಿಮೈನಾ ಕಾಲ ಕೆಳಗೆ ನೋಡುವುದರಲ್ಲೇ ಇದ್ದಳು. ಕೊನೆಯ ತಿರುವಿನಲ್ಲಿ ಒಂದು ಕೊಂಬೆ ತಲೆಗೆ ತಾಗಿ ಕೂದಲಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಮುಂದೆ ಹೋದಳು.

ಜಲಪಾತ ಹಾಗೇ ಇತ್ತು. ಎರಡಾಳೆತ್ತರದಿಂದ ಬೀಳುವ ನೀರು, ಕೆಳಗೆ ಹಸಿರು ಮಡು, ಸುತ್ತ ಛತ್ರಿಯಷ್ಟು ಅಗಲದ ಜರೀಗಿಡಗಳು. ಕೆಂಪು ಎದೆಯ ಗಿಳಿಗಳು ಜಗಳವಾಡುತ್ತ ಮೇಲೆ ಹಾರಿದವು. ಮಕ್ಕಳು ಬಟ್ಟೆ ಸಮೇತ ಧುಮುಕಿದರು. ಬಂಡೆಯ ಮೇಲಿಂದ ಹಾರಲು ಹೆದರಿ ನಿಂತ ಅಮಿನಿಯಾಸಿಯನ್ನು, ಬರಿಗೈಯಲ್ಲಿ ಹುಡುಗಿ ಕದಿಯುವ ಧೈರ್ಯವಿದ್ದವನಿಗೆ ಇದೇನು ಮಹಾ ಎಂದು ತೋರಿಕಾ ಹಿಂದಿನಿಂದ ನೂಕಿದಳು. ಕಲ್ಲಿನ ಸಂದಿಯಲ್ಲಿ ಕೈಯಾಡಿಸಿ ಸಿಗಡಿ ಹಿಡಿಯುವುದನ್ನು ವಿಲಿಮೈನಾ ಮಗಳಿಗೆ ತೋರಿಸಿಕೊಟ್ಟಳು. ಹನ್ನೊಂದು ವರ್ಷವಾದರೂ ಬೆರಳುಗಳಿಗೆ ಮರೆತಿರಲಿಲ್ಲ. ಮೊದಲನೆಯ ಸಿಗಡಿ ಕೈಗೆ ಬಂದಾಗ ಅವಳು ಎಲ್ಲವನ್ನೂ ಮರೆತು ಗಟ್ಟಿಯಾಗಿ ನಕ್ಕಳು. ಸುಖವೆಂದರೆ ಇದೇ ಅನ್ನಿಸಿತು.

ಕಾಮಿನಿಯೇಲಿ ದೂರದ ಬಂಡೆಯ ಮೇಲೆ ಬೆನ್ನು ಹಾಕಿ ಕೂತು, ಸಿಗಡಿ ಸುಡಲು ಬೆಂಕಿ ಮಾಡುತ್ತಿದ್ದ.

"ಅಮ್ಮಾ, ನಿನ್ನ ತಲೇಲಿ ಕಡ್ಡಿ ಇದೆ," ಎಂದು ಲೈಸಾನಿ ನೀರಿನ ಸದ್ದನ್ನೂ ಮೀರಿಸಿ ಕೂಗಿದಳು. "ಮರ ತಾಗಿದೆ ಅಮ್ಮಂಗೆ."

ಬೆಂಕಿ ಊದುತ್ತಿದ್ದವನು ಒಂದು ಕ್ಷಣ ನಿಲ್ಲಿಸಿ, ಮತ್ತೆ ಊದತೊಡಗಿದ.

ಉಂಡು, ಒದ್ದೆ ಬಟ್ಟೆಯಲ್ಲೇ ಹಿಂದಿರುಗುವಾಗ ಮಗಳ ಮಾತು ವಿಲಿಮೈನಾಳ ತಲೆಯಲ್ಲಿ ಉಳಿಯಿತು. ಮರ ತಾಗಿದ್ದು ಒಂದೇ ಒಂದು ಸಲ. ಅದೇ ವಿಚಿತ್ರ. ಅವಳು ಗಂಡಸರನ್ನೂ ಮೀರಿ ಬೆಳೆದವಳು, ಊರಿಗೆಲ್ಲ ಎತ್ತರದವಳು. ಅಣ್ಣ ಅವಳ ಭುಜದವರೆಗೆ ಬಂದರೆ ಹೆಚ್ಚು. ಹರೆಯದಲ್ಲಿ ಈ ದಾರಿಯನ್ನು ಅವಳು ಬಗ್ಗಿ ಬಗ್ಗಿಯೇ ನಡೆದದ್ದು. ಆಗಿನ್ನೂ ಇದ್ದ ಅಮ್ಮನಿಗೆ ಅವಳ ಕೂದಲಿಂದ ಎಲೆ ಹೆಕ್ಕುವುದೇ ಒಂದು ಕೆಲಸವಾಗಿತ್ತು.

ಅವಳು ತಲೆ ಎತ್ತಿದಳು. ದಾರಿಯುದ್ದಕ್ಕೂ ಎರಡೂ ಕಡೆ ಕೊಂಬೆಗಳ ಕಡಿದ ಬಾಯಿ ಇನ್ನೂ ಬೆಳ್ಳಗಿತ್ತು. ಎಲ್ಲವೂ ಅವಳ ನೆತ್ತಿಗಿಂತ ಒಂದು ಗೇಣು ಮೇಲೆ. ಅವಳು ಕೈಚಾಚಿ ಒಂದನ್ನು ಮುಟ್ಟಿದಳು. ರಸ ಒಣಗಿ ಅಂಟಾಗಿತ್ತು.

"ಅತ್ತಿಗೆ, ಇದನ್ನೆಲ್ಲ ಕಡಿದದ್ದು ಯಾರು?"

ತೋರಿಕಾ ಮೇಲೆ ನೋಡಿದಳು. ವಿಲಿಮೈನಾಳನ್ನು ನೋಡಿದಳು. ಮತ್ತೆ ಮೇಲೆ ನೋಡಿ, ಬುಟ್ಟಿಯನ್ನು ಕೆಳಗಿಟ್ಟುಬಿಟ್ಟಳು.

"ಅಯ್ಯೋ, ಇದಕ್ಕಾ!" ಎಂದಳು. "ನೀನು ಬರ್ತೀಯ ಅಂತ ಸುದ್ದಿ ಬಂತಲ್ಲ, ಅವತ್ತಿಂದ ನಾಲ್ಕು ದಿನ ನನ್ನ ಅಡುಗೆಮನೆ ಸ್ಟೂಲು ಹೊತ್ಕೊಂಡು ಕಾಡಿಗೆ ಹೋದ. ಕಾಡಿಗೆ ಯಾರಾದ್ರೂ ಸ್ಟೂಲು ತಗೊಂಡು ಹೋಗ್ತಾರೇನೇ? ಕೇಳಿದ್ರೆ, ಕೂತ್ಕೊಳ್ಳೋಕೆ ಅಂದ. ನಾನು ನೆಲದಲ್ಲಿ ಕೂತು ಕೂತು ಮಂಡಿ ಹಿಡ್ಕೊಂಡಿತ್ತು ಇಲ್ಲಿ."

ಅವಳು ಹೊಟ್ಟೆ ಹಿಡಿದು ನಗತೊಡಗಿದಳು. ವಿಲಿಮೈನಾಳೂ ನಗಲು ಹೋದಳು. ನಗು ಬರುವ ಮೊದಲು ಕಣ್ಣೀರು ಬಂತು. ಸ್ಟೂಲಿನ ಮೇಲೆ ಹತ್ತಿ ನಿಂತು, ಮತ್ತೂ ಕೈ ಮೇಲೆತ್ತಿ, ಊರು ಬಿಟ್ಟಾಗ ಹತ್ತೊಂಬತ್ತರವಳಾಗಿದ್ದ ತಂಗಿಯ ಎತ್ತರವನ್ನು ಗಾಳಿಯಲ್ಲಿ ಅಳೆದಿದ್ದಾನೆ ಕುಳ್ಳ ಅಣ್ಣ. ಯಾವ ಶಾಸ್ತ್ರವೂ ಅವನಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ.

ಮುಂದೆ, ತಿರುವಿನಲ್ಲಿ, ಹೋಗುವಾಗ ಅವಳಿಗೆ ತಾಗಿದ್ದ, ತಪ್ಪಿ ಉಳಿದಿದ್ದ ಆ ಒಂದು ಕೊಂಬೆಯ ಕೆಳಗೆ ಕಾಮಿನಿಯೇಲಿ ನಿಂತಿದ್ದ. ಮಕ್ಕಳು ಅದರಡಿಯಲ್ಲಿ ಓಡಿಹೋಗಿದ್ದರು, ಅಮಿನಿಯಾಸಿಗೂ ಅದು ತಾಗುವಂತಿರಲಿಲ್ಲ. ತುದಿ ಬಾಗಿದ್ದರೂ ಕಡಿಯಬೇಕಾದ ಬುಡ ಎತ್ತರದಲ್ಲಿತ್ತು, ಇವತ್ತು ಸ್ಟೂಲಿರಲಿಲ್ಲ. ಕಾಮಿನಿಯೇಲಿ ಕತ್ತಿ ಎತ್ತಿ ನೆಗೆದ, ಸಿಗಲಿಲ್ಲ. ಮತ್ತೆ ನೆಗೆದ. ಇವನಿಗೇನಾಯಿತೆಂದು ಮಕ್ಕಳು ನಿಂತು ನೋಡಿದರು. ಮೂರನೆಯ ಸಲಕ್ಕೆ ಕೊಂಬೆ ಸರಕ್ಕನೆ ಕಡಿದು ಬಿತ್ತು. ಅವನು ಅದನ್ನು ಕಾಲಿನಿಂದ ಬದಿಗೆ ತಳ್ಳಿ, ಹಿಂದಿರುಗಿ ನೋಡದೆ ಮುಂದೆ ನಡೆದ.

ವಿಲಿಮೈನಾ ತಲೆ ತಗ್ಗಿಸದೆ ಅಲ್ಲಿಂದ ಹಾದುಹೋದಳು.