ಇಪ್ಪತ್ತನಾಲ್ಕು ಪದಗಳ ಕಾಗದ

ಕಾಗದವೇನೋ ಇತ್ತು. ಬಸವಕಲ್ಯಾಣದ ಆ ಹಳೇ ಮನೆಯ ಗೋಡೆಯ ಗೂಡಿನಲ್ಲಿ, ಕುರಾನಿಗೆ ಸುತ್ತಿದ ಹಸಿರು ಮಖಮಲ್ಲಿನ ಬಟ್ಟೆಯೊಳಗೆ, ಇಟ್ಟ ಜಾಗದಲ್ಲೇ ಮಡಚಿಕೊಂಡು ಕೂತಿತ್ತು. ಅಸದ್ ಬಿಡಿಸಿ ನೋಡಿದ. ಒಂದಕ್ಷರವೂ ಇರಲಿಲ್ಲ. ತಿರುಗಿಸಿ ನೋಡಿದ, ಆ ಕಡೆಯೂ ಇಲ್ಲ. ಅಲ್ಲಲ್ಲಿ ಬೂದು ಬಣ್ಣದ ಮಸುಕು, ಅಷ್ಟೇ. "ಯಾ ಅಲ್ಲಾ!" ಎಂದವನೇ ನೆಲಕ್ಕೆ ಕುಸಿದ.

ಕುಸಿಯದೆ ಏನು ಮಾಡಿಯಾನು? ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಬಾಡಿಗೆಯದು. ಮಾಲೀಕ ಮಹಾರುದ್ರಪ್ಪ ಅದನ್ನು ಮಾರಲು ನಿಂತಿದ್ದ. "ಶುಕ್ರವಾರದೊಳಗ ರೊಕ್ಕ ತಂದ್ರ ಅಂಗಡಿ ನಿಂದು. ಇಲ್ಲಂದ್ರ ಮಿಠಾಯಿ ಅಂಗಡಿಯವ್ರು ಕಾಯಾಕತ್ಯಾರ" ಎಂದಿದ್ದ. ಇವತ್ತು ಗುರುವಾರ. ಅಂಗಡಿ ಹೋದರೆ ಕೆಲಸವೂ ಹೋಯಿತು, ಗಿರಾಕಿಯೂ ಹೋಯಿತು. ಅವನ ಇಷ್ಟು ವರ್ಷದ ದುಡಿಮೆಯೆಲ್ಲ ಬಿಟ್‌ಕಾಯಿನ್ನಿನಲ್ಲಿತ್ತು. ಆ ಬಿಟ್‌ಕಾಯಿನ್ನಿನ ಬೀಗದ ಕೈ ಎಂದರೆ ಈ ಕಾಗದದ ಮೇಲೆ ಬರೆದಿದ್ದ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು.

ಹಾಗಂತ ಅಸದ್ ಹುಡುಗಾಟ ಮಾಡಿದವನಲ್ಲ. ಗೆಳೆಯ ದತ್ತು ತನ್ನ ಕಾಯಿನ್ನುಗಳನ್ನು ಫೋನಿನಲ್ಲೇ ಇಟ್ಟುಕೊಂಡು, ಯಾವುದೋ ಲಿಂಕ್ ಒತ್ತಿ ಎಲ್ಲ ಕಳಕೊಂಡದ್ದನ್ನು ಕಣ್ಣಾರೆ ಕಂಡಿದ್ದ. ಅದಕ್ಕೇ ಹಾರ್ಡ್‌ವೇರ್ ವಾಲೆಟ್ ತರಿಸಿದ. ಬಿಟ್‌ಕಾಯಿನ್ನಿನ ಬೀಗ ಕಾಯುವ ಬೆರಳುದ್ದದ ಡಬ್ಬಿ ಅದು. ಅರ್ಧ ಬೆಲೆಗೆ ಯಾರೋ ಬಳಸಿದ್ದು ಸಿಗುತ್ತಿತ್ತು, ಮುಟ್ಟಲಿಲ್ಲ. ನೇರ ಕಂಪನಿಯಿಂದಲೇ ತರಿಸಿ, ಸೀಲು ಒಡೆದಿಲ್ಲವೆಂದು ನೋಡಿಕೊಂಡು, ಪಿನ್ ಹಾಕಿದ. ಡಬ್ಬಿಯ ಪುಟ್ಟ ಪರದೆ ಒಂದೊಂದಾಗಿ ಪದಗಳನ್ನು ತೋರಿಸಿತು. ಫೋಟೋ ತೆಗೆಯಲಿಲ್ಲ, ಫೋನಿನಲ್ಲಿ ಬರೆದುಕೊಳ್ಳಲಿಲ್ಲ, ಕೈಯಲ್ಲೇ ಬರೆದ. ಮೊದಲು ಚೂರೇ ಚೂರು ಹಣ ಕಳಿಸಿ, ಡಬ್ಬಿಯನ್ನು ಪೂರ್ತಿ ಅಳಿಸಿ, ಕಾಗದ ನೋಡಿ ಪದಗಳನ್ನು ಮತ್ತೆ ಹಾಕಿದ. ಹಣ ವಾಪಸ್ ಕಂಡಿತು. ಆಮೇಲೆ ಉಳಿದದ್ದನ್ನೆಲ್ಲ ಕಳಿಸಿದ. ಪದಗಳ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪುಣ್ಯಾತ್ಮ ಇನ್ನೂ ಒಂದು ಜಾಣತನ ಮಾಡಿದ! ಅವನ ತಂದೆ ಖಮರುದ್ದೀನ್ ಕಾತಿಬರು. ಮದುವೆ ಕಾರ್ಡು, ಅಂಗಡಿ ಬೋರ್ಡುಗಳಿಗೆ ಚೆಂದದ ಉರ್ದು ಅಕ್ಷರ ಬರೆದುಕೊಟ್ಟು ಬದುಕಿದವರು. ಅವರು ತೀರಿಕೊಂಡ ಮೇಲೂ ಬಿದಿರಿನ ಲೇಖನಿ, ಕಾಡಿಗೆಯ ಮಸಿ ಮನೆಯಲ್ಲೇ ಇದ್ದವು. ಇಂಗ್ಲಿಷ್ ಪದಗಳನ್ನು ಉರ್ದು ಅಕ್ಷರದಲ್ಲಿ, ಅದೇ ಲೇಖನಿಯಿಂದ, ಅದೇ ಮಸಿಯಿಂದ ಬರೆದರೆ ಯಾವ ಕಳ್ಳನಿಗೆ ಗೊತ್ತಾದೀತು? ಬರೆದು ಕುರಾನಿನ ಬಟ್ಟೆಯೊಳಗೆ ಇಟ್ಟರೆ, ಕೈಕಾಲು ಮುಖ ತೊಳೆಯದೆ ಯಾರು ತಾನೇ ಮುಟ್ಟಿಯಾರು? ಹಾಗೇ ಬರೆದಿಟ್ಟು, ಮೊದಲಿನ ಇಂಗ್ಲಿಷ್ ಚೀಟಿಯನ್ನು ಸುಟ್ಟುಬಿಟ್ಟ. ಉಕ್ಕಿನ ತಗಡಿನ ಮೇಲೆ ಕೊರೆಸಿ ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕೆಂದು ಓದಿದ್ದ. ಅದನ್ನು ಮಾತ್ರ ಇವತ್ತು ನಾಳೆ ಎಂದು ತಳ್ಳುತ್ತ ಬಂದ.

ಅಷ್ಟರಲ್ಲಿ ಮಳೆಗಾಲ ಬಂತು, ಅವನಿಗೆ ಡೆಂಗಿ ಹಿಡಿಯಿತು. ಬದುಕಿದ್ದೇ ಹೆಚ್ಚು. ಎದ್ದು ಓಡಾಡುವಂತಾದ ಮೇಲೆ ನೋಡಿದರೆ ಡಬ್ಬಿಯ ಬ್ಯಾಟರಿ ಉಬ್ಬಿ, ಒಳಗೆಲ್ಲ ಸುಟ್ಟು ಹೋಗಿತ್ತು. ಅಸದ್ ನಕ್ಕ. ಹಣ ಇರುವುದು ಡಬ್ಬಿಯಲ್ಲಲ್ಲ, ಪದಗಳಿದ್ದರೆ ಎಂಥ ಹೊಸ ಡಬ್ಬಿಯಲ್ಲೂ ಸಿಗುತ್ತದೆ. ಹೊಸದನ್ನು ತರಿಸಿದ. ಅದು ಇವತ್ತು ಬೆಳಿಗ್ಗೆ ಬಂದಿತ್ತು.

ಈಗ ನಗು ಎಲ್ಲಿಂದ ಬರಬೇಕು! ಮಳೆ ನೀರು ಸೋರಿತೇನೋ ಎಂದು ಗೂಡಿನೊಳಗೆ ಕೈಯಾಡಿಸಿದ. ಒಣಗಿತ್ತು. ಬಟ್ಟೆಯೂ ಒಣಗಿತ್ತು, ಕುರಾನಿನ ಒಂದು ಹಾಳೆಗೂ ಕಲೆಯಿರಲಿಲ್ಲ. ತಾಯಿ ಅಕ್ಬರಿ ಮೋರಖಂಡಿಗೆ ಮಗಳು ಇಶ್ರತ್‌ಳ ಮನೆಗೆ ಹೋಗಿದ್ದಳು. ಇದ್ದಿದ್ದರೂ ಅವಳನ್ನೇನು ಕೇಳುವುದು? ಅವಳಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಕಾಗದವನ್ನು ಅಂಗಿಯ ಜೇಬಿಗಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಪದಗಳನ್ನು ನೆನಪಿಸಿಕೊಂಡ. ಅರ್ಧವೂ ಬರಲಿಲ್ಲ. ಒಂದೆರಡು ಮರೆತಿದ್ದರೆ ಕಂಪ್ಯೂಟರಿನಿಂದ ಹುಡುಕಿಸಬಹುದು, ಅರ್ಧ ಮರೆತರೆ ಯಾವ ಕಂಪ್ಯೂಟರಿಗೂ ಆಗದ ಮಾತು. ಬಂದ ಪದಗಳೂ ಯಾವುದು ಮುಂದೆ ಯಾವುದು ಹಿಂದೆ ಎಂದು ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಫೋನಿನ ಕೂದಲಿನಂಥ ತಂತಿಗಳನ್ನು ನೋಡುವ ಮೈಕ್ರೋಸ್ಕೋಪಿತ್ತು. ಕಾಗದವನ್ನು ಅದರ ಕೆಳಗಿಟ್ಟ. ಗಾಜಿನ ಅಂಟು ಒಣಗಿಸುವ ನೇರಳೆ ದೀಪ ಹಿಡಿದ. ಓರೆಯಾಗಿ ಟಾರ್ಚು ಬಿಟ್ಟ. ಬಾಲ್‌ಪೆನ್ನಿನಲ್ಲಿ ಬರೆದಿದ್ದರೆ ಗೀರಾದರೂ ಉಳಿಯುತ್ತಿತ್ತು. ಬಿದಿರಿನ ಲೇಖನಿ ಕಾಗದವನ್ನು ಒತ್ತುವುದಿಲ್ಲ, ಮೇಲೆ ಜಾರಿಕೊಂಡು ಹೋಗುತ್ತದೆ. ಎಲ್ಲೋ ಒಂದು ಚುಕ್ಕೆ ಕಂಡಂತಾಯಿತು. ನೋಡಿದರೆ ಅದು ಕಾಗದದ ನಾರು. ಅಸದ್ ತಲೆ ತಲೆ ಚಚ್ಚಿಕೊಂಡ.

ಫೋನಿನಲ್ಲಿ ಬಿಟ್‌ಕಾಯಿನ್ನಿನವರ ಒಂದು ಗುಂಪಿಗೆ ತನ್ನ ಗೋಳು ಹಾಕಿದ. ಕೂಡಲೇ ಒಬ್ಬ ಹಿಂದಿಯಲ್ಲಿ ಬರೆದ: ನೆನಪಿರುವ ಪದಗಳನ್ನು ಕಳಿಸು, ಉಳಿದದ್ದು ನಾವು ತೆಗೆದುಕೊಡುತ್ತೇವೆ, ಫೀಸು ಮೊದಲು. ಕಳ್ಳ ನನ್ನ ಮಗ ಎಂದು ಅಸದನಿಗೆ ಗೊತ್ತು. ಗೊತ್ತಿದ್ದೂ ಬೆರಳು ಟೈಪು ಮಾಡುತ್ತ ಹೋಯಿತು. ನೆನಪಿದ್ದಷ್ಟೂ ಪದ ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಆಮೇಲೆ ಒಂದೊಂದಾಗಿ ಅಳಿಸಿದ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಮಹಾರುದ್ರಪ್ಪ ಬಾಗಿಲಲ್ಲಿ ನಿಂತಿದ್ದ. "ಏನಪಾ ಅಸದ್, ಮಾರಿ ಹಿಂಗ್ಯಾಕ ಆಗ್ಯಾದ? ನಾಳಿ ರೊಕ್ಕ ತಗೊಂಡು ಬರ್ತಿ ಇಲ್ಲೊ?"

"ಸಾಹುಕಾರ್ರ, ಒಂದ್ ವರ್ಷ ಟೈಮ್ ಕೊಡ್ರಿ. ಕಾಲು ಹಿಡಕೋತೀನಿ."

"ವರ್ಷ? ನಿನ್ನೆ ತನಕ ರೊಕ್ಕ ತಯಾರದ ಅಂದಿದ್ದಿ! ನನಗೂ ಅಡಚಣಿ ಅದಪಾ. ನಾ ಏನ್ ಮಾಡ್ಲಿ ಹೇಳು?"

ಪದಗಳ ಕಥೆ ಹೇಳಿದರೆ ಯಾರು ನಂಬಿಯಾರು? "ನಿಮ್ಮ ಮರ್ಜಿರಿ" ಎಂದ ಅಸದ್. ಮಹಾರುದ್ರಪ್ಪ ಫೋನು ಕಿವಿಗೆ ಹಚ್ಚಿಕೊಂಡು ಮಿಠಾಯಿ ಅಂಗಡಿಯವರೊಂದಿಗೆ ಮಾತಾಡುತ್ತ ಹೋದ.

ಸಂಜೆ ಮನೆಗೆ ಬಂದಾಗ ಅಕ್ಬರಿ ಮೋರಖಂಡಿಯಿಂದ ಬಂದು ಅಕ್ಕಿ ಆರಿಸುತ್ತ ಕೂತಿದ್ದಳು. ಮಗನ ಕೈಯಲ್ಲಿದ್ದ ಕಾಗದ ಕಂಡಿದ್ದೇ ತಡ, ಅವಳ ಮುಖ ಅರಳಿತು.

"ನೋಡಿದ್ಯಾ? ನಾ ನಿನಗ ಹೇಳಬೇಕಂತಿದ್ನಿ, ಮರ್ತೇ ಬಿಟ್ಟೆ."

"ಏನ್ ಹೇಳ್ಬೇಕಂತಿದ್ದಿ ಅಮ್ಮಿ?" ಎಂದ ಅಸದ್.

"ಆ ದಿನ ನಿನಗ ಜ್ವರ ಏರಿ ಕಣ್ಣು ಮ್ಯಾಲ ಮಾಡಿದ್ದಿ. ಡಾಕ್ಟರ್ ಬೀದರಕ ಒಯ್ರಿ ಅಂದ. ಆ ಮಳ್ಯಾಗ ಒಂದು ಗಾಡಿ ಸಿಗಲಿಲ್ಲ ಬೇಟಾ. ಮನ್ಯಾಗ ನಾ ಒಬ್ಬಾಕಿ. ಕುರಾನ್ ಓದಬೇಕಂತ ತಗದೆ, ಈ ಕಾಗದ ಬಿತ್ತು. ಕುರಾನಿನ ಅರಬ್ಬಿ ಬಿಟ್ರ ನನಗ ಉರ್ದು ಎಲ್ಲಿ ಓದಾಕ ಬರ್ತದ? ಆದ್ರ ನಿಮ್ಮ ಅಬ್ಬಾನ ಮಸಿ ಗುರ್ತ ಸಿಕ್ತು. ಜಡ್ಡಿನವ್ರಿಗಿ ಅವ್ರು ಹಿಂಗೇ ದುವಾ ಬರದು ಕೊಡ್ತಿದ್ರಲ್ಲ, ನೀರಾಗ ತೊಳದು ಕುಡಸ್ರಿ ಅಂತ. ನಿನ್ನ ಸಲುವಾಗಿ ಬರದಿಟ್ಟು ಹೋಗ್ಯಾರ ಅನ್ಕೊಂಡೆ. ವಾಟಗಾದಾಗ ನೀರು ಹಾಕಿ ತೊಳದೆ. ಚಮಚಾಲಿ ನಿನ್ನ ಬಾಯಾಗ ಹಾಕಿದೆ. ಒಂದು ಹನಿ ಚೆಲ್ಲಲಿಲ್ಲ ನೋಡು."

ಅಸದ್ ಬಾಯಿ ತೆರೆದ. ಬೈಯಲೆಂದೇ ತೆರೆದ. ನನ್ನ ಮನೆ ಮುಳುಗಿಸಿದಿ, ನನ್ನ ಅನ್ನ ತೊಳೆದು ನನಗೇ ಕುಡಿಸಿದಿ ಎಂದು ಕಿರುಚಬೇಕೆನ್ನಿಸಿತು.

"ಬೆಳಕ ಹರಿಯೋದ್ರಾಗ ನೀ ಬೆವತಿ. ನೀರು ಬೇಡಿದಿ" ಎಂದಳು ಅಕ್ಬರಿ. ಕಣ್ಣಲ್ಲಿ ನೀರು ತುಂಬಿತ್ತು. "ತೊಳದ ಕಾಗದ ಎಲ್ಲಿ ಒಗೀಲಿ? ಒಣಗಿಸಿ ಅಲ್ಲೇ ಇಟ್ಟೆ." ಮಗನ ಮುಖ ನೋಡಿ ಅವಳಿಗೆ ಥಟ್ಟನೆ ಹೆದರಿಕೆಯಾಯಿತು. "ಯಾಕೊ, ಹಿಂಗ್ಯಾಕ ನೋಡ್ತಿ? ಬ್ಯಾರೆ ಯಾರಿಗರ ಬರದದ್ದಿತ್ತೇನು? ನಾ ಏನರ ತಪ್ಪ ಮಾಡಿದ್ನೇನು?"

ಅವಳ ಕೈಯಲ್ಲಿ ಆರಿಸಿದ ಅಕ್ಕಿ ಹಾಗೇ ಇತ್ತು. ಅಸದ್ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಇಲ್ಲ ಅಮ್ಮಿ" ಎಂದ. "ನನ್ನ ಸಲುವಾಗೇ ಬರದದ್ದು."

"ಹಂಗಂದ್ರ ಮುಟ್ಟಬೇಕಾದವರಿಗೇ ಮುಟ್ಯಾದ ಬಿಡು" ಎಂದು ಅಕ್ಬರಿ ಸಮಾಧಾನದಿಂದ ಅಕ್ಕಿಯನ್ನು ಮೊರಕ್ಕೆ ಹಾಕಿದಳು. ಅಸದ್ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅವಳಿಗೆ ಕೇಳಿಸದ ಹಾಗೆ ಅತ್ತ.